ಕಣ ತುಳಿಯದ ಚಪ್ಪಲಿ

"ಇದು ಕಲ್ಲು ಕಣ್ರೀ" ಎಂದು ಡಾಕ್ಟರಮ್ಮ ನಾನು ಮಾಡಿಕೊಟ್ಟಿದ್ದ ರಬ್ಬರ್ ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದರು. "ನಿಮಗೂ ನನಗೂ ಇದು ಮೆತ್ತಗೆ. ನೋವೇ ಗೊತ್ತಾಗದ ಕಾಲಿಗೆ ಕಲ್ಲು. ಇನ್ನೂ ಮೆತ್ತಗೆ ಮಾಡ್ಕೊಡಿ."

ಇದು ಮೂರನೆಯ ಸಲವೋ ನಾಲ್ಕನೆಯ ಸಲವೋ, ನೆನಪಿಲ್ಲ. ನನಗಂತೂ ಆಗಲೇ ಸಾಕಾಗಿಹೋಗಿತ್ತು. ಹುಣಸೂರಿನ ಒಂದು ಹವಾಯಿ ಚಪ್ಪಲಿ ಕಾರ್ಖಾನೆಯಲ್ಲಿ ರಬ್ಬರಿಗೆ ಏನನ್ನು ಎಷ್ಟು ಬೆರೆಸಬೇಕು ಅನ್ನೋದನ್ನು ನೋಡಿಕೊಳ್ಳುವುದು ನನ್ನ ಕೆಲಸ; ಅಲ್ಲಿ ಎಲ್ಲರಿಗೂ ನಾನು ರಬ್ಬರ್ ಮೇಷ್ಟ್ರು. ಹವಾಯಿ ಚಪ್ಪಲಿಗೆ ಬೇಕಾದದ್ದು ಸವೆಯದ ರಬ್ಬರು. ಅದನ್ನು ಮಾಡೋದು ನನಗೆ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ಎಚ್.ಡಿ. ಕೋಟೆ ರಸ್ತೆಯಲ್ಲಿ ಕುಷ್ಠದವರಿಗೆ ಅಂತಲೇ ಇದ್ದ ಸಣ್ಣ ಧರ್ಮಾಸ್ಪತ್ರೆಗೆ ದೂರದಿಂದ ಬರುತ್ತಿದ್ದ ಮೆತ್ತನೆ ಹಾಳೆ ಆ ವರ್ಷ ನಿಂತುಹೋಯಿತು. ಅಲ್ಲಿಯ ಡಾಕ್ಟರಮ್ಮ ಹುಡುಕಿಕೊಂಡು ನಮ್ಮ ಕಾರ್ಖಾನೆಗೇ ಬಂದರು. ಯಜಮಾನರು ಹುಣಸೂರಿನ ಹಳೇ ಚರ್ಮದ ವ್ಯಾಪಾರಿಗಳ ಮನೆತನದವರು, ದೇವರಿಗೆ ಹೆದರುವ ಮನುಷ್ಯ. "ಸವಾಬ್‌ನ ಕೆಲಸ, ಪುಣ್ಯ ಬರ್ತದೆ, ಮಾಡ್ಕೊಡಿ ಮೇಷ್ಟ್ರೇ" ಅಂದುಬಿಟ್ಟರು. ಪುಣ್ಯ ಅವರಿಗೆ, ಬೈಗುಳ ನನಗೆ.

ಆಸ್ಪತ್ರೆಯ ಜಗಲಿಯಲ್ಲಿ ಡಾಕ್ಟರಮ್ಮ ನನಗೆ ಒಬ್ಬ ಹೆಂಗಸಿನ ಕಾಲು ತೋರಿಸಿದರು. ಪಿರಿಯಾಪಟ್ಟಣದಾಚೆ ಹಾರನಹಳ್ಳಿ ಕಡೆಯವಳು, ನನಗಿಂತ ಚಿಕ್ಕವಳು. ಹತ್ತಿರದ ಆಸ್ಪತ್ರೆಗೆ ಹೋದರೆ ಯಾರಾದರೂ ಗುರುತು ಹಿಡಿದಾರು ಅಂತ ಎರಡು ಬಸ್ಸು ಹತ್ತಿ ಇಷ್ಟು ದೂರ ಬರುತ್ತಿದ್ದಳು. ಗುಳಿಗೆ ತಿಂದು ರೋಗ ಪೂರಾ ವಾಸಿಯಾಗಿತ್ತು. ಆದರೆ ಸತ್ತ ನರ ಸತ್ತದ್ದೇ. ಬಲಗಾಲಿನ ಅಂಗಾಲಿನಲ್ಲಿ, ಹೆಬ್ಬೆರಳ ಬುಡಕ್ಕೆ, ಹುಣಸೆ ಬೀಜದಷ್ಟು ಗಾಯ. ಅದು ಮಾಯುತ್ತಿತ್ತು, ಮತ್ತೆ ಬಾಯಿ ಬಿಡುತ್ತಿತ್ತು.

"ಇದು ಸರಿಯಾಗಿ ಮಾಯಬೇಕು. ಇನ್ನೊಂದು ಸಲ ಒಡೆದರೆ ಮೂಳೆಗೆ ಇಳಿಯುತ್ತೆ. ಆಮೇಲೆ ಕಾಲು ತೆಗೆಯೋದೊಂದೇ ದಾರಿ" ಎಂದು ಡಾಕ್ಟರಮ್ಮ ಅವಳ ಎದುರಿಗೇ ಹೇಳಿದರು. ಆಕೆ ನನ್ನ ಮುಖ ನೋಡಿ, "ಅಣ್ಣಾ, ಕಾಲು ಓದ್ರೆ ಮನೇಲಿ ನನ್ನ ಯಾತಕ್ಕೆ ಮಡಿಕ್ಕಂತಾರೆ?" ಅಂದಳು. ನಾನು ರಬ್ಬರಿನ ಬಗ್ಗೆ ಏನೋ ಮಾತಾಡಿ ಎದ್ದು ಬಂದೆ.

ಬೆಳಿಗ್ಗೆ ಹವಾಯಿ ಮಾಲು ಮುಗಿದ ಮೇಲೆ ಮಿಲ್ಲು ನನ್ನ ಕೈಗೆ ಬರುತ್ತಿತ್ತು. ಮಿಲ್ಲು ಅಂದರೆ ಎದುರುಬದುರಾಗಿ ತಿರುಗುವ ಎರಡು ಕಬ್ಬಿಣದ ಉರುಳೆ. ಅದರ ನಡುವೆ ಕೇರಳದಿಂದ ಬಂದ ಹೊಗೆ ಹಾಕಿದ ರಬ್ಬರನ್ನು ಕೊಟ್ಟು ಹಿಟ್ಟು ನಾದಿದ ಹಾಗೆ ನಾದಬೇಕು. ಮೆತ್ತಗಾದ ಮೇಲೆ ಸತು ಭಸ್ಮ, ಜೇಡಿ ಪುಡಿ, ಎಣ್ಣೆ, ಉಬ್ಬಿಸುವ ಪುಡಿ ಬೆರೆಸಿ, ಕೊನೆಗೆ ಗಂಧಕ. ಆಮೇಲೆ ಅಚ್ಚಿನಲ್ಲಿಟ್ಟು ಬಿಸಿ ಒತ್ತು. ಒಳಗೆ ಪುಡಿ ಅನಿಲವಾಗುತ್ತದೆ, ಗಂಧಕ ರಬ್ಬರನ್ನು ಕಟ್ಟುತ್ತದೆ. ಅಚ್ಚು ತೆಗೆದ ತಕ್ಷಣ ಹಾಳೆ ಪೂರಿಯ ಹಾಗೆ ಉಬ್ಬಿ ಆಚೆ ನೆಗೆಯಬೇಕು. ಕಟ್ಟೋದು ಬೇಗ ಆದರೆ ಉಬ್ಬುವುದಿಲ್ಲ, ತಡವಾದರೆ ಗುಳ್ಳೆಗಳು ಒಡೆದು ಒಂದರೊಳಗೊಂದು ಸೇರಿಬಿಡುತ್ತವೆ. ಇವೆರಡರ ಜಗಳ ಬಿಡಿಸುವುದರಲ್ಲೇ ನನ್ನ ಮಳೆಗಾಲ ಕಳೆಯಿತು.

ಮೊದಲು ಜೇಡಿ ಕಡಿಮೆ ಮಾಡಿ ಎಣ್ಣೆ ಜಾಸ್ತಿ ಮಾಡಿದೆ. ಹಾಳೆ ಬೆಣ್ಣೆಯ ಹಾಗೆ ಬಂತು. ಗಡಸುತನ ಅಳೆಯುವ ಮುಳ್ಳು ಡಾಕ್ಟರಮ್ಮ ಹೇಳಿದ ಹದಿನೈದರ ಹತ್ತಿರವೇ ನಿಂತಿತು. ಎಲ್ಲರಿಗೂ ಖುಷಿ. ತಿಂಗಳಾಗುವುದರೊಳಗೆ ಆ ಹಾಳೆಯ ಚಪ್ಪಲಿಗಳೆಲ್ಲ ಹಿಮ್ಮಡಿ ಕೆಳಗೆ ರೊಟ್ಟಿಯಾಗಿ ವಾಪಸು ಬಂದವು. ಮೆತ್ತಗಿದ್ದರೆ ಸಾಲದು, ಒತ್ತಿದ್ದು ಮತ್ತೆ ಮೇಲೇಳಬೇಕು. ಎಣ್ಣೆ ತಗ್ಗಿಸಿದೆ. ಸವೆತ ತಡೆಯಲಿ ಅಂತ ಮರದ ರಬ್ಬರಿಗೆ ಒಂದು ಪಾಲು ಕೃತಕ ರಬ್ಬರು ಸೇರಿಸಿದೆ. ಈಗ ಮೇಲೆದ್ದಿತು, ಆದರೆ ಮತ್ತೆ ಗಟ್ಟಿ. ಮೆತ್ತನೆ ಮಾಲು ಉರುಳೆಗೆ ಮೆತ್ತಿಕೊಂಡು, ಮರುದಿನ ಹವಾಯಿ ಹಾಳೆಯಲ್ಲೆಲ್ಲ ಗಂಟು. ಯಜಮಾನರು ಬಂದು ಉರುಳೆ ಮುಟ್ಟಿ ನೋಡಿ, "ಮೇಷ್ಟ್ರೇ, ಪುಣ್ಯ ಸಾಕಷ್ಟಾಯ್ತು, ಸ್ವಲ್ಪ ಚಪ್ಪಲೀನೂ ಮಾಡೋಣ" ಅಂದರು. ಅವರ ಮಾತಲ್ಲಿ ಕೋಪ ಇರಲಿಲ್ಲ. ನನಗೇ ರೇಗಿಹೋಗಿ ಅವತ್ತು ಊಟ ಬಿಟ್ಟೆ.

ಮಳೆ ಕಳೆದು ಚಳಿ ಶುರುವಾದಾಗ ಇನ್ನೊಂದು ಗೋಳು. ಚಳಿಗೆ ಕಚ್ಚಾ ರಬ್ಬರು ಕೊರಡಿನ ಹಾಗೆ ಸೆಟೆದುಕೊಳ್ಳುತ್ತದೆ. ಹಾಗೇ ಮಿಲ್ಲಿಗೆ ಕೊಟ್ಟರೆ ಅಲ್ಲಲ್ಲಿ ನಾದದೆ ಉಳಿದು ಹಾಳೆಯಲ್ಲಿ ಗಂಟು. ಬೆಚ್ಚಗಿಡೋಕೆ ನಮ್ಮಲ್ಲಿ ಜಾಗ ಇರಲಿಲ್ಲ. ಪಕ್ಕದ ಹಳ್ಳಿಯ ರೈತರೊಬ್ಬರ ಕೈಕಾಲು ಹಿಡಿದು ಅವರ ಬ್ಯಾರನ್‌ನಲ್ಲಿ, ಅಂದರೆ ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಮನೆಯಲ್ಲಿ, ಸೊಪ್ಪು ಇಳಿಸಿದ ಮೇಲೆ ಉಳಿದ ಕಾವಿಗೆ ರಬ್ಬರ್ ಮೂಟೆ ಇಟ್ಟೆ. ಹದವಾಗಿ ಮೆತ್ತಗಾಯಿತು, ಪೂರಾ ನಾದಿದ ಮೇಲೆ ಹಾಳೆಯ ಗಟ್ಟಿತನವೂ ಹೋಯಿತು. ಹೊಗೆಸೊಪ್ಪಿನ ವಾಸನೆಯೂ ಹತ್ತಿತು. ಆ ಹಾಳೆ ಮೂಸಿ ಡಾಕ್ಟರಮ್ಮ ಸೀನಿದ್ದೇ ಸೀನಿದ್ದು. "ಕಾಲಿಗೆ ಹಾಕ್ಕೊಳ್ಳೋದಾ, ಬಾಯಿಗೆ ಹಾಕ್ಕೊಳ್ಳೋದಾ?" ಎಂದರು. ಆಮೇಲೆ ಹೆಬ್ಬೆರಳಲ್ಲಿ ಒತ್ತಿದರು. ಬಿಟ್ಟರು. ಮತ್ತೆ ಒತ್ತಿದರು. ಅವರು ಆವತ್ತು ಕಲ್ಲು ಅನ್ನಲಿಲ್ಲ.

ಆ ಹಾಳೆಯ ಮೊದಲ ಜೊತೆ ಹೋದದ್ದು ಹಾರನಹಳ್ಳಿ ಕಡೆಯ ಆ ಹೆಂಗಸಿಗೆ. ಗುಳ್ಳೆ ಸಣ್ಣಗೆ, ಒಂದೇ ಸಮ. ದಿನವೆಲ್ಲ ತೂಕ ಹೊತ್ತು ಸಂಜೆಗೆ ಮತ್ತೆ ಮೇಲೇಳುತ್ತಿತ್ತು. ಗಾಯ ಮಾಯಿತು. ಡಾಕ್ಟರಮ್ಮ ಕಾರ್ಖಾನೆಗೆ ಮೈಸೂರ್‌ಪಾಕ್ ಕಳಿಸಿದರು. ಯಜಮಾನರು ಅದನ್ನು ಎಲ್ಲರಿಗೂ ಹಂಚಿ, "ನೋಡ್ರಪ್ಪಾ, ನಮ್ಮ ಮೇಷ್ಟ್ರು ಗೆದ್ರು" ಅಂದರು. ನಾನೂ ಹಾಗೇ ಅಂದುಕೊಂಡೆ.

ರಾಗಿ ಕುಯ್ಲು ಶುರುವಾದ ಮೇಲೆ ಕಾರ್ಖಾನೆ ಎದುರಿನ ಎಸ್‌ಟಿಡಿ ಬೂತಿಗೆ ಡಾಕ್ಟರಮ್ಮನ ಫೋನ್ ಬಂತು. "ನಿಮ್ಮ ಹಾಳೆ ಕೈ ಕೊಡ್ತು ಕಣ್ರೀ. ಆ ಕಾಲು ಮತ್ತೆ ಒಡೆದಿದೆ. ಈ ಸಲ ಮೂಳೆ ಮುಟ್ಟಿಲ್ಲ, ನಮ್ಮ ಪುಣ್ಯ." ಆರು ತಿಂಗಳ ದುಡಿಮೆ ನೀರಲ್ಲಿ ಹೋಮ ಮಾಡಿದ ಹಾಗಾಯಿತು.

ಆ ಚಪ್ಪಲಿಯನ್ನು ತರಿಸಿದೆ. ಹಾಳೆ ಕಿತ್ತು ಮುಳ್ಳಿಟ್ಟು ಅಳೆದೆ. ಹದಿನೈದರ ಮೇಲೊಂದು, ಅಷ್ಟೇ. ಕುಯ್ದು ದೀಪದ ಕೆಳಗೆ ನೋಡಿದೆ, ಗುಳ್ಳೆ ಒಡೆದಿರಲಿಲ್ಲ. ಕೊಟ್ಟು ತಿಂಗಳ ಮೇಲಾಗಿದೆ, ಹೊಲದ ಕೆಲಸ ಮಾಡುವ ಹೆಂಗಸು, ತಳ ಮಾತ್ರ ಹೆಚ್ಚುಕಮ್ಮಿ ಹೊಸದು! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಾಕಿಕೊಳ್ಳದೆ ಗೂಟಕ್ಕೆ ನೇತುಹಾಕಿ, ಗಾಯ ಮಾತ್ರ ನನ್ನ ತಲೆಗೆ ಕಟ್ಟಿದ್ದಾಳಲ್ಲ ಅಂತ ಪಿರಿಯಾಪಟ್ಟಣದ ಬಸ್ಸು ಹತ್ತಿದೆ, ಅಲ್ಲಿಂದ ಹಾರನಹಳ್ಳಿಗೆ ಇನ್ನೊಂದು.

ಅವಳ ಹೊಲ ರಸ್ತೆಯ ಮಗ್ಗುಲಲ್ಲೇ. ಕುಯ್ಲು ನಡೆದಿತ್ತು. ಬದುವಿನ ಮೇಲೆ ಸಾಲಾಗಿ ಚಪ್ಪಲಿಗಳು: ಹವಾಯಿ, ಟೈರಿನವು, ಒಂದು ಜೊತೆ ಪ್ಲಾಸ್ಟಿಕ್ ಬೂಟು. ಆಳುಗಳೆಲ್ಲ ಬರಿಗಾಲಲ್ಲಿ ಹೊಲದೊಳಗೆ. ಕುಯ್ದ ಕಡೆ ರಾಗಿಯ ಕೂಳೆ ಮೊಳೆ ನಿಲ್ಲಿಸಿದ ಹಾಗೆ ನಿಂತಿತ್ತು. ಆಕೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಬದುವಿನ ಮೇಲೆ ಕೂತು ಕಂತೆ ಕಟ್ಟುತ್ತಿದ್ದಳು. ಎದ್ದು ಓಡಾಡಬೇಡ ಅಂತ ಡಾಕ್ಟರಮ್ಮ ಹೇಳಿದ್ದನ್ನು ಅಷ್ಟರಮಟ್ಟಿಗೆ ಪಾಲಿಸಿದ್ದಳು.

"ಏನಮ್ಮಾ, ಚಪ್ಪಲಿ ಕೊಟ್ಟದ್ದು ಯಾತಕ್ಕೆ?" ಅಂತ ಜೋರಾಗಿಯೇ ಕೇಳಿದೆ.

"ಹಾಕ್ಕಂತಿದ್ದೆ ಅಣ್ಣಾ. ಮನೆಯಿಂದ ಬದಿನಗಂಟ ಹಾಕ್ಕಂಡೇ ಬತ್ತಿದ್ದೆ."

"ಬದುವಿನ ತನಕ! ಕೂಳೆ ಇರೋದು ಎಲ್ಲಿ?"

ಅವಳು ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದಳು. "ಬೆಳೆ ನಿಂತಿರೋ ಹೊಲದೊಳಕ್ಕೆ ಬೀದಿ ಚಪ್ಪಲಿ ಹಾಕ್ಕಂಡು ಓಗಾದುಂಟಾ ಅಣ್ಣಾ? ಮುಂದಕ್ಕೆ ಕಣ ಮಾಡ್ತೀವಿ. ಅಲ್ಲಿ ಮೆಟ್ಕಂಡು ತುಳಿದ್ರೆ ರಾಶಿ ಉಳಿದಾತಾ?"

ಆರು ತಿಂಗಳು ನಾನು ಚಪ್ಪಲಿಯನ್ನು ಆಸ್ಪತ್ರೆಯ ಜಗಲಿಯಲ್ಲಿ, ಟಾರು ರಸ್ತೆಯಲ್ಲಿ, ಸಂತೆಯಲ್ಲಿ ನಡೆಸಿ ನೋಡಿದ್ದೆ. ಗಾಯ ಆಗುವ ಜಾಗಕ್ಕೆ ಅದು ಕಾಲಿಡುತ್ತಲೇ ಇರಲಿಲ್ಲ. ನಾನೂ ಕೆ.ಆರ್. ನಗರದ ಗದ್ದೆ ಮನೆಯವನೇ, ನಮ್ಮಪ್ಪನೂ ಚಪ್ಪಲಿ ಬದುವಿನ ಮೇಲೆ ಬಿಟ್ಟೇ ಇಳಿಯುತ್ತಿದ್ದದ್ದು. ಆದರೂ ಹೊಳೆಯಲಿಲ್ಲ. ಅವಳ ಪಕ್ಕ ಬದುವಿನ ಮೇಲೆ ಕೂತುಬಿಟ್ಟೆ.

"ನಿಂಗೊಬ್ಳಿಗೆ ಮಾಫಿ ಇಲ್ವಾ? ಕಾಲೇ ಹೋಗುತ್ತಲ್ಲಮ್ಮಾ."

ಅವಳು ದನಿ ತಗ್ಗಿಸಿದಳು. "ಈ ಕಾಯ್ಲೆ ಬಂದ ಮ್ಯಾಕೆ ಕಣದ ಒಳಿಕ್ಕೆ ನನ್ನ ಸೇರಿಸ್ತಿರ್ನಿಲ್ಲ ಅಣ್ಣಾ. ದೂರ ನಿಂತ್ಕಂಡು ನೋಡ್ತಿದ್ದೆ. ಮೊರ ಸೈತ ಮುಟ್ಟೋಕೆ ಬುಡ್ತಿರ್ನಿಲ್ಲ. ವಾಸಿ ಆಗದೆ ಅಂತ ಡಾಕ್ಟ್ರಮ್ಮ ಬರಕೊಟ್ಟ ಮ್ಯಾಕೆ ಓದ್ ವರ್ಸ ನಮ್ಮತ್ತೆ ಕೈ ಹಿಡ್ಕಂಡು ಕಣದ ಒಳಿಕ್ಕೆ ಕರ್ಕಂಡೋದ್ರು. ಈಗ ನಾನೊಬ್ಳು ಕಾಲಿಗೆ ಸುತ್ಕಂಡು ನಿಂತ್ರೆ, ನೋಡು, ಇನ್ನೂ ಕಾಯ್ಲೆ ಓಗಿಲ್ಲ ಅಂತಾರೆ. ಕಾಲು ಓದ್ರೂ ಸೈ, ಮತ್ತೆ ಆಚೆ ನಿಂತ್ಕಳಾಕೆ ನನ್ ಕೈಲಾಗಕ್ಕಿಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಯೋಚನೆ ಮಾಡಿದೆ. ಕುಯ್ದದ್ದನ್ನು ಮೆದೆ ಹಾಕಿ, ಕಣ ಮಾಡೋದು ಇನ್ನೂ ಒಂದಷ್ಟು ವಾರದ ಮೇಲೆ. ಅಷ್ಟರಲ್ಲಿ ಗಾಯ ಮುಚ್ಚಿಕೊಂಡರೂ ಹೊಸ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿರುತ್ತದೆ. ಬರಿಗಾಲಲ್ಲಿ ಮೆದೆಗೂ ಕಣಕ್ಕೂ ಓಡಾಡಿದರೆ ಮುಗಿಯಿತು ಕಥೆ. ಹುಣಸೂರಲ್ಲಿ ಇಳಿಯುವಷ್ಟರಲ್ಲಿ ತೀರ್ಮಾನ ಮಾಡಿದ್ದೆ: ಚಪ್ಪಲಿಯ ಕೆಲಸ ಇಲ್ಲಿಗೆ ಬಿಡೋದು. ಬೀದಿ ತುಳಿಯದ, ಚಪ್ಪಲಿ ಅಲ್ಲದ, ತೊಳೆದು ಮಡಿಸಿಡಬಹುದಾದ ಬಟ್ಟೆಯದೇ ಒಂದು ಕಾಲುಚೀಲ ಮಾಡೋದು.

ಡಾಕ್ಟರಮ್ಮ, "ಅವಳನ್ನ ಕಣಕ್ಕೇ ಹೋಗಬೇಡ ಅನ್ನಬಾರದಾ?" ಎಂದರು. "ನೀವೇ ಹೇಳಿ ನೋಡಿ" ಅಂದೆ. ಅವರು ಹೇಳಿ ನೋಡಿದರು. ಆಮೇಲೆ ನನಗೆ, "ಸರಿ, ನಿಮ್ಮ ಚೀಲವನ್ನೇ ಮಾಡಿ" ಎಂದರು.

ಚೀಲಕ್ಕೆ ಬೇಕಾದದ್ದು ಗಟ್ಟಿ ರಬ್ಬರಲ್ಲ, ರಬ್ಬರ್ ಹಾಲು. ಕೋಟೆಯಿಂದ ಬಾವಲಿ ದಾರಿಯಲ್ಲಿ ವಯನಾಡಿಗೆ ಹೋಗಿಬರುವ ಲಾರಿಯವರ ಕೈಲಿ ಒಂದು ಕ್ಯಾನ್ ತರಿಸಿದೆ. ಕೆಡದಿರಲಿ ಅಂತ ಅಮೋನಿಯಾ ಹಾಕಿರುತ್ತಾರೆ. ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು. ಗಂಧಕವನ್ನು ನೀರಲ್ಲಿ ನುಣ್ಣಗೆ ಅರೆದು ಈ ಹಾಲಿಗೆ ಬೆರೆಸಿ, ಬಿಸಿನೀರ ಪಾತ್ರೆಯಲ್ಲಿಟ್ಟು ಮೆಲ್ಲಗೆ ತಿರುವುತ್ತಾ ಕಾಯಿಸಬೇಕು. ಮೊದಲ ಕ್ಯಾನ್ ಅವಸರ ಮಾಡಿದೆ, ಒಡೆದು ಮೊಸರಾಯಿತು. ಕಾರ್ಖಾನೆಯಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡು ಓಡಾಡಿದರು. ಯಜಮಾನರು ಮಾತ್ರ ಒಳಗೆ ಬಂದು ಪಾತ್ರೆ ಇಣುಕಿ, "ಪನೀರ್ ಚೆನ್ನಾಗಿ ಬಂದಿದೆ" ಎಂದು ಹೋದರು. ಇನ್ನೊಂದು ಕ್ಯಾನ್ ತರಿಸಿ ಉರಿ ಸಣ್ಣಗಿಟ್ಟೆ, ಒಡೆಯಲಿಲ್ಲ.

ದಪ್ಪ ಕೋರಾ ಬಟ್ಟೆಯ ಚೀಲವನ್ನು ಆ ಹಾಲಿನಲ್ಲಿ ಅದ್ದಿದರೆ ಹಾಲು ನೂಲಿನ ಸಂದಿಯಲ್ಲಿ ಒಳಕ್ಕೆ ಇಳಿದು, ಒಣಗಿದಾಗ ಒಳಮೈ ಗರಗಸದ ಹಾಗೆ ಒರಟಾಗುತ್ತಿತ್ತು. ಅದನ್ನು ಹಾಕಿದರೆ ಕೂಳೆಯೇ ವಾಸಿ. ಹಾಲು ಬಟ್ಟೆಯ ಮೇಲೇ ಹೆಪ್ಪುಗಟ್ಟಲಿ ಅಂತ ಎರಡು ಮೂರು ಬಗೆಯ ಉಪ್ಪು ಬಳಿದು ನೋಡಿದೆ, ಆಗಲಿಲ್ಲ. ಕೊನೆಗೆ ನಮ್ಮೂರಿನ ನುಚ್ಚಕ್ಕಿ ಗಂಜಿ ಕಾಯಿಸಿ, ಬಟ್ಟೆಗೆ ಒಳಗಿನಿಂದ ಬಳಿದು ಒಣಗಿಸಿ, ಆಮೇಲೆ ತಳ ಮಾತ್ರ ಹಾಲಿನಲ್ಲಿ ಅದ್ದಿದೆ. ಗಂಜಿ ನೂಲಿನ ಸಂದಿ ಮುಚ್ಚಿಕೊಂಡಿತು, ರಬ್ಬರು ಹೊರಮೈಯಲ್ಲೇ ನಿಂತಿತು. ಆಮೇಲೆ ಒಗೆದರೆ ಗಂಜಿ ಬಿಟ್ಟುಹೋಯಿತು. ಒಳಗೆ ಅದೇ ಮೆತ್ತನೆ ಹಾಳೆಯ ತುಂಡನ್ನು ಅವಳ ಅಂಗಾಲಿನ ಅಚ್ಚಿಗೆ ಕತ್ತರಿಸಿ ಇಟ್ಟೆ, ಗಾಯದ ಜಾಗದಲ್ಲಿ ಗುಳಿ ಬಿಟ್ಟು. ಬೆವರು ಆರಲಿ ಅಂತ ಮೇಲ್ಭಾಗ ಬರಿ ಬಟ್ಟೆ. ಜಾಲಿ ಮುಳ್ಳು ಇದನ್ನೂ ದಾಟುತ್ತದೆ, ಸುಳ್ಳು ಹೇಳಬಾರದು. ಕೂಳೆ ದಾಟುವುದಿಲ್ಲ. ಒಂದು ಹರಿದರೆ ಇರಲಿ ಅಂತ ಎರಡು ಜೊತೆ ಮಾಡಿದೆ. ಅಷ್ಟು ಹೊತ್ತಿಗೆ ನನ್ನ ಕೈಯ ಸಿಪ್ಪೆ ಎದ್ದಿತ್ತು, ವಾಸನೆಗೆ ಮನೆಯಲ್ಲಿ ನನ್ನ ಹತ್ತಿರ ಯಾರೂ ಕೂರುತ್ತಿರಲಿಲ್ಲ.

ಕಣದ ದಿನ ಬೆಳಿಗ್ಗೆಯೇ ಹೋದೆ. ಸಗಣಿ ಸಾರಿಸಿದ ಕಣ, ನಡುವೆ ಹರಡಿದ ರಾಗಿ ಹುಲ್ಲು, ಅದರ ಮೇಲೆ ಎತ್ತು ಎಳೆಯುತ್ತಿದ್ದ ರೋಣಗಲ್ಲು. ಮುಯ್ಯಾಳಾಗಿ ದುಡಿಯಲು ಬಂದ ನೆರೆಯವರು ಸುತ್ತ. ಅತ್ತೆಯನ್ನು ನಾನು ಮೊದಲ ಸಲ ನೋಡಿದ್ದು ಆವತ್ತು. ಗಿಡ್ಡಗೆ, ಒಣಗಿದ ಮುದುಕಿ. ಕಣವೆಲ್ಲ ಅವಳ ಮಾತಿನಲ್ಲೇ ನಡೆಯುತ್ತಿತ್ತು. ನಾನೂ ಚಪ್ಪಲಿ ದೂರ ಬಿಟ್ಟು ಹೋಗಿ ಚೀಲ ತೋರಿಸಿದೆ.

"ಇದು ಚಪ್ಪಲಿಯೋ ಬಟ್ಟೆಯೋ?"

"ಬಟ್ಟೆ ಕಣಮ್ಮಾ. ಬೀದಿ ತುಳಿದಿಲ್ಲ, ಚರ್ಮ ಇಲ್ಲ. ಮರದ ಹಾಲು, ಅಕ್ಕಿ ಗಂಜಿ."

ಮುದುಕಿ ಮೂಸಿ ನೋಡಿದಳು, ಮುಖ ಕಿವಿಚಿದಳು, ತಂಬಿಗೆ ನೀರು ಸುರಿದು ಎರಡು ಜೊತೆಯನ್ನೂ ತೊಳೆದಳು. "ಹಾಕ್ಕಳವ್ವಾ" ಅಂತ ಸೊಸೆಯ ಮುಂದೆ ಒಂದು ಜೊತೆ ಇಟ್ಟಳು.

ಸೊಸೆ ಮುಟ್ಟಲಿಲ್ಲ. ಕಣದ ಅಂಚಿನಲ್ಲಿ ಕೂತು ನೆಲ ನೋಡಿದಳು. ಮೊರ ಹಿಡಿದವರು, ಎತ್ತು ಹೊಡೆಯುವವನು, ಎಲ್ಲರ ಕಣ್ಣೂ ಅವಳ ಕಾಲ ಮೇಲೆ. "ಬ್ಯಾಡ ಅತ್ತೆ. ಹಂಗೇ ಬತ್ತೀನಿ" ಅಂದು ಏಳಹೋದಳು. ಇನ್ನು ನನ್ನ ಕೈಲಿ ಏನೂ ಉಳಿದಿರಲಿಲ್ಲ.

ಮುದುಕಿ ಸೊಂಟ ಹಿಡಿದುಕೊಂಡು ಸೊಸೆಯ ಪಕ್ಕದಲ್ಲೇ ಕುಕ್ಕರಿಸಿ, ಇನ್ನೊಂದು ಜೊತೆ ಎಳೆದುಕೊಂಡು ತನ್ನ ಕಾಲಿಗೆ ತುರುಕಿಕೊಳ್ಳತೊಡಗಿದಳು. ಅವಳ ಕಾಲು ಅಗಲ, ಬಿರುಕು ಬಿಟ್ಟ ಹಿಮ್ಮಡಿ. ಚೀಲ ಸೊಸೆಯ ಅಳತೆಯದು. "ಅಮ್ಮಾ, ಅದು ನಿಮಗಲ್ಲ, ಒಳಗೆ ಗುಳಿ ಐತೆ, ಒತ್ತುತ್ತೆ" ಅಂದೆ. ಕೇಳಿಸಿಕೊಳ್ಳಲಿಲ್ಲ. ಎದ್ದು ಕಣದ ನಟ್ಟನಡುವೆ ಹೋಗಿ ನಿಂತಳು.

"ಏನ್ ದೊಡ್ಡವ್ವಾ, ಇದೇನು ವೇಸ?" ಅಂದ ಎತ್ತು ಹೊಡೆಯುವವನು.

"ನನ್ ಕಾಲು, ನನ್ ಕಣ. ಹಿಮ್ಮಡಿ ಒಡ್ದು ನೆತ್ರು ಬತ್ತಾ ಅದೆ ಕಣ್ಲಾ. ಯಾಕೆ, ನಿಂಗೂ ಒಂದ್ ಜೊತೆ ಬೇಕಾ?"

ಎಲ್ಲರೂ ನಕ್ಕರು. ಒಬ್ಬಳು ಹೆಂಗಸು, "ನಂಗೂ ತನ್ನಿ ಸಾರ್" ಅಂತ ನನ್ನನ್ನೇ ಚುಡಾಯಿಸಿದಳು. ಮುದುಕಿ ಸೊಸೆಯ ಕಡೆ ತಿರುಗಿ, "ಏನ್ ನೋಡ್ತಾ ಕುಂತಿದ್ದೀಯೆ? ಹುಲ್ಲು ಕೊಡವೋಕೆ ನಾನೊಬ್ಳೇ ಆಯ್ತೀನಾ? ಹಾಕ್ಕಂಡು ಬಿರ್ನೆ ಬಾ" ಎಂದು ಗದರಿದಳು. ಸೊಸೆ ಚೀಲ ಹಾಕಿಕೊಂಡಳು. ಕಣದೊಳಕ್ಕೆ ಕಾಲಿಟ್ಟಾಗ ಯಾರೂ ಅವಳ ಕಡೆ ನೋಡಲಿಲ್ಲ, ಮುದುಕಿಯ ನಡಿಗೆ ನೋಡಿ ನಗುತ್ತಲೇ ಇದ್ದರು.

ಸಂಕ್ರಾಂತಿ ಕಳೆದ ಮೇಲೆ ಅವಳು ಆಸ್ಪತ್ರೆಗೆ ಬರುವ ದಿನ ನನಗೂ ಬರಹೇಳಿದ್ದರು. ಡಾಕ್ಟರಮ್ಮ ಅವಳ ಅಂಗಾಲನ್ನು ಬೆಳಕಿಗೆ ಹಿಡಿದು ಇಂಚಿಂಚೂ ಒತ್ತಿ ನೋಡಿದರು. ಒಂದು ಕೆಂಪು ಗುರುತೂ ಇರಲಿಲ್ಲ. ಡಾಕ್ಟರಮ್ಮ ಕಾಲು ಕೆಳಗಿಟ್ಟು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಬೆಂಚಿನ ಮೇಲೆ ಕೂತೆ, ಏಳಲು ಮನಸ್ಸಾಗಲಿಲ್ಲ.

"ಸರಿ ಕಣಮ್ಮಾ, ಹೋಗಿ ಬಾ. ಔಷಧಿ ಏನೂ ಬೇಡ" ಎಂದರು ಡಾಕ್ಟರಮ್ಮ.

ಅವಳು ಹೋಗಲಿಲ್ಲ, ಸೆರಗಿನ ತುದಿ ತಿರುಚುತ್ತಾ ನಿಂತಳು. "ನಂಗಲ್ಲ ಡಾಕ್ಟ್ರಮ್ಮ. ಕಣ ಮುಗಿಯೋಗಂಟ ನಮ್ಮತ್ತೆ ಅದನ್ನ ಬಿಚ್ಚಲೇ ಇಲ್ಲ. ಅಂಗಾಲ ತುಂಬ ಬೊಬ್ಬೆ ಎದ್ದು ಈಗ ಕಾಲೂರಾಕೆ ಆಗ್ತಿಲ್ಲ. ಅವ್ರಿಗೊಂದು ಮುಲಾಮು ಕೊಡ್ತೀರಾ?"